ತೋಟದ ಕೆರೆಯಲ್ಲಿ ಹಾಯಿದೋಣಿ ಕಲಿತಿದ್ದು

ಸಿಲ್ವರ್ ಮರದ ಎಲೆ ಮಗುಚಿ ಬೆಳ್ಳಗೆ ಕಂಡರೆ ಗಾಳಿ ಬಂತು ಅಂತಲೇ ಲೆಕ್ಕ. ಆಲ್ದೂರು ಹತ್ತಿರ ಭಾವನ ಕಾಫಿ ತೋಟದ ಕೆರೆಯಲ್ಲಿ ದೋಣಿಗೆ ಇಳಿದಾಗ ನಾನು ಮೊದಲು ನೋಡುವುದು ಆ ಎಲೆಗಳನ್ನೇ. ಸ್ವಲ್ಪ ಹೊತ್ತಿಗೆ ನೀರಿನ ಮೇಲೆ ಕಪ್ಪನೆಯ ಪಟ್ಟಿಯೊಂದು ನನ್ನ ಕಡೆಗೆ ಓಡಿ ಬರುತ್ತದೆ. ಅಷ್ಟರೊಳಗೆ ದೋಣಿಯ ಅಂಚಿಗೆ ಸರಿದು ಕೂತಿರಬೇಕು. ಹಾಯಿಯ ಹಗ್ಗ ಕೈಯಲ್ಲೇ ಇರಬೇಕು, ಎಲ್ಲೂ ಕಟ್ಟಿರಬಾರದು.

ನಾನು ಬೆಳೆದಿದ್ದು ಅರಸೀಕೆರೆ ಕಡೆ. ದೋಣಿ ಇರಲಿ, ತುಂಬಿದ ಕೆರೆ ನೋಡುವುದೇ ಅಪರೂಪ. ಆದರೆ ಗಾಳಿ ಗೊತ್ತಿತ್ತು. ಕಣದಲ್ಲಿ ರಾಗಿ ತೂರುವ ಮುಂಚೆ ಅವ್ವ ಒಂದು ಹಿಡಿ ಹೊಟ್ಟು ಮೇಲಕ್ಕೆ ಎಸೆದು ನೋಡುತ್ತಿದ್ದಳು. ಅದು ಹಾರಿದ ದಿಕ್ಕು ನೋಡಿಕೊಂಡು ಮೊರ ಹಿಡಿದು ನಿಲ್ಲುತ್ತಿದ್ದಳು. ಹೈದರಾಬಾದಿನ ಹುಸೇನ್ ಸಾಗರದಲ್ಲಿ ಒಂದು ವಾರ ಕಲಿಯಲು ಹೋದಾಗ, ಹೇಳಿಕೊಡುವವರು ಮೊದಲ ದಿನ ಕೇಳಿದ್ದು ಒಂದೇ ಪ್ರಶ್ನೆ: ಗಾಳಿ ಎಲ್ಲಿಂದ ಬರ್ತಿದೆ? ನಾನು ತಕ್ಷಣ ಕೈ ತೋರಿಸಿದೆ. ಅದೊಂದು ಸುಲಭವಾಗಿ ಬಂತು. ಉಳಿದಿದ್ದೆಲ್ಲ ಕಷ್ಟಪಟ್ಟೇ ಕಲಿತೆ.

ಊರಿಗೆ ಬಂದ ಮೇಲೆ ಭಾವ, ನಾನು ಸೇರಿ ಹಳೆಯ ಲೇಸರ್ ದೋಣಿ ಒಂದನ್ನು ಕೊಂಡೆವು. 4.2 ಮೀಟರ್ ಉದ್ದ, ಬರೀ ದೋಣಿಯೇ ಸುಮಾರು 59 ಕೆಜಿ. ಒಬ್ಬರು ಓಡಿಸುವ ದೋಣಿ, ಒಂದೇ ಹಾಯಿ. ಈಗ ಇದಕ್ಕೆ ಐಎಲ್‌ಸಿಎ ಅನ್ನುತ್ತಾರೆ. ನಮ್ಮದು ರೇಡಿಯಲ್, ಅಂದರೆ ಹಾಯಿ ಸ್ವಲ್ಪ ಚಿಕ್ಕದು. 2021ರಲ್ಲಿ ಟೋಕಿಯೋ ಒಲಿಂಪಿಕ್ಸಿನಲ್ಲಿ ಭಾರತದ ನೇತ್ರಾ ಕುಮನನ್ ಓಡಿಸಿದ್ದು ಇದೇ ಜಾತಿಯ ದೋಣಿ. ಹೊಸಬರು ದೊಡ್ಡ ಹಾಯಿಯ ಆಸೆಗೆ ಬೀಳಬಾರದು. ಗಾಳಿ ಜಾಸ್ತಿಯಾದಾಗ ಚಿಕ್ಕ ಹಾಯಿಯೇ ಕೈಗೆ ಸಿಗುವುದು.

ಎದುರು ಗಾಳಿಗೆ ದೋಣಿ ನೇರವಾಗಿ ಹೋಗುವುದಿಲ್ಲ. ಗಾಳಿ ಬರುವ ದಿಕ್ಕಿನಿಂದ ಎರಡೂ ಕಡೆ ಸುಮಾರು 45 ಡಿಗ್ರಿ ಬಿಟ್ಟುಬಿಡಬೇಕು. ಅದರೊಳಗೆ ನುಗ್ಗಿದರೆ ಹಾಯಿ ಪಟಪಟ ಹೊಡೆದುಕೊಂಡು ದೋಣಿ ನಿಂತೇ ಹೋಗುತ್ತದೆ. ಚಾರ್ಮಾಡಿ ಘಾಟಿ ಹತ್ತುವ ಬಸ್ಸಿನ ಹಾಗೆ ಒಂದು ಸಲ ಈ ಕಡೆ, ಒಂದು ಸಲ ಆ ಕಡೆ ತಿರುಗಿಕೊಂಡೇ ಮೇಲೆ ಹೋಗಬೇಕು. ಚುಕ್ಕಾಣಿಯ ಹಿಡಿಯನ್ನು ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ತಿರುಗುತ್ತದೆ. ಇದು ಕೈಗೆ ಒಗ್ಗಲು ನನಗೆ ಪೂರ್ತಿ ಮೂರು ಭಾನುವಾರ ಬೇಕಾಯಿತು.

ಹಿಂದಿನಿಂದ ಗಾಳಿ ಬಂದರೆ ಸುಲಭ ಅಂತ ಅನ್ನಿಸುತ್ತದೆ, ಅಲ್ವಾ? ನಾನು ಮಗುಚಿ ಬಿದ್ದಿದ್ದು ಆಗಲೇ. ಫೆಬ್ರವರಿ ತಿಂಗಳು. ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಓಡಿಸಿ ಓಡಿಸಿ ಕೆರೆ ನೀರು ಇಳಿದಿತ್ತು. ತಿರುಗಿಸುವಾಗ ಹಾಯಿಯ ಕೆಳಗಿನ ಅಡ್ಡಕಂಬ ಒಮ್ಮೆಲೇ ಈ ಕಡೆಗೆ ಬೀಸಿ ಬಂತು. ತಲೆ ತಗ್ಗಿಸಿದೆ, ಆದರೆ ಆ ಬದಿಗೆ ಸರಿಯಲಿಲ್ಲ. ದೋಣಿ ಪೂರ್ತಿ ಬೋರಲಾಯಿತು. ಹಾಯಿ ಹೊತ್ತ ಉದ್ದ ಕಂಬದ ತುದಿ ಹೋಗಿ ಕೆಸರಿಗೆ ನಾಟಿಕೊಂಡಿತು.

ಏರಿ ಮೇಲಿಂದ ಭಾವ ಕೂಗಿದರು: “ದೋಣಿ ಬಿಡಬೇಡ! ಈಜಿಕೊಂಡು ಬರಬೇಡ!”

ಲೈಫ್ ಜಾಕೆಟ್ ಇತ್ತು, ಹಾಗಾಗಿ ಗಾಬರಿಯಾಗಲಿಲ್ಲ. ಮೊದಲು ಹಾಯಿಯ ಹಗ್ಗ ಪೂರ್ತಿ ಸಡಿಲ ಬಿಟ್ಟೆ. ದೋಣಿಯ ಹೊಟ್ಟೆಯಿಂದ ಹಲಗೆಯೊಂದು ಚಾಚಿಕೊಂಡಿರುತ್ತದೆ, ಡ್ಯಾಗರ್‌ಬೋರ್ಡ್. ಅದನ್ನು ಹಿಡಿದು ತೂಗುಬಿದ್ದೆ. ಕಂಬ ಕೆಸರಿನಲ್ಲಿ ಕೂತಿದ್ದರಿಂದ ಜಗ್ಗಲಿಲ್ಲ. ಜೋರಾಗಿ ಎಳೆದರೆ ಕಂಬ ಬಗ್ಗುತ್ತದೆ. ಸುಮ್ನೆ ಮೈಭಾರ ಬಿಟ್ಟು ಕಾದೆ. ನಿಧಾನಕ್ಕೆ ಕೆಸರು ಸಡಿಲವಾಯಿತು, ದೋಣಿ ಮಗ್ಗುಲಿಗೆ ಬಂತು. ಆಮೇಲೆ ಹಲಗೆ ಮೇಲೆ ಹತ್ತಿ ನಿಂತು, ಅಂಚು ಹಿಡಿದು ಹಿಂದಕ್ಕೆ ವಾಲಿದೆ. ಹಾಯಿ ನೀರು ಸುರಿಸುತ್ತಾ ಎದ್ದಿತು. ತುದಿಯಲ್ಲಿ ಒಂದು ಮೊಳ ಕರಿ ಕೆಸರು, ಅದಕ್ಕೆ ಸುತ್ತಿಕೊಂಡ ಪಾಚಿ. ಆ ಕಲೆ ಇವತ್ತಿಗೂ ಹೋಗಿಲ್ಲ.

ಅವತ್ತಿನಿಂದ ಹಾಯಿಯ ತುದಿಗೆ ಬಿರಡೆ ಬಿಗಿದ ಖಾಲಿ ಬಾಟಲಿ ಕಟ್ಟುತ್ತೇನೆ. ದೋಣಿ ಮಗ್ಗುಲಾದರೂ ತುದಿ ತೇಲುತ್ತದೆ, ಸುಲಭಕ್ಕೆ ಬೋರಲಾಗುವುದಿಲ್ಲ. ಇಳಿಯುವ ಮುಂಚೆ ಬಿದಿರು ಗಳದಲ್ಲಿ ಆಳ ನೋಡುತ್ತೇನೆ. ಸ್ಪ್ರಿಂಕ್ಲರ್ ಶುರುವಾದರೆ ಆ ವರ್ಷಕ್ಕೆ ದೋಣಿ ಶೆಡ್ಡಿಗೆ. ಜೂನ್‌ನಿಂದ ಆಗಸ್ಟ್‌ವರೆಗಿನ ಮಳೆಗಾಳಿಯಲ್ಲಿ ಹೊಸಬರು ಇಳಿಯಲೇಬಾರದು. ನಮಗೆ ಸಿಗುವುದು ಅಕ್ಟೋಬರ್‌ನಿಂದ ಜನವರಿ, ಅದರಲ್ಲೂ ಹಣ್ಣು ಕೊಯ್ಲಿನ ನಡುವೆ ಬಿಡುವಾದ ಭಾನುವಾರ.

ಈಜು ಬರಬೇಕು. ದಡದಲ್ಲಿ ಒಬ್ಬರು ಇರಲೇಬೇಕು. ತೋಟದ ಕೆರೆಗಳು ದಡದಲ್ಲೇ ಆಳ, ಹತ್ತಿ ಬರಲು ಹಿಡಿತ ಸಿಗುವುದಿಲ್ಲ. ಗೊರೂರಿನ ಹಿನ್ನೀರು ಕಂಡಾಗೆಲ್ಲ ಅಲ್ಲಿ ಹಾಯಿ ಬಿಚ್ಚುವ ಆಸೆಯಾಗುತ್ತದೆ, ನಿಜ. ಆದರೆ ಜಲಾಶಯಕ್ಕೆ ಅನುಮತಿ ಇಲ್ಲದೆ ಇಳಿಯುವ ಹಾಗಿಲ್ಲ. ಮುಳುಗಿದ ಊರುಗಳ ಮೇಲೆ ನಿಂತ ನೀರು ಬೇರೆ, ಮಳೆಗಾಲದಲ್ಲಿ ಅರ್ಧ ಮುಳುಗುವ ಶೆಟ್ಟಿಹಳ್ಳಿಯ ಹಳೇ ಚರ್ಚ್ ಕಣ್ಣೆದುರಿಗೇ ಇದೆಯಲ್ಲ.

ಹೋದ ಡಿಸೆಂಬರ್‌ನಲ್ಲಿ ಅವ್ವ ತೋಟಕ್ಕೆ ಬಂದಿದ್ದಳು. ಏರಿ ಮೇಲೆ ಸೆರಗು ಹೊದ್ದು ಕೂತು ನೋಡುತ್ತಿದ್ದಳು. ನಾನು ಹಾಯಿ ಸರಿಮಾಡಿಕೊಳ್ಳುವಷ್ಟರಲ್ಲಿ ಕೂಗು ಕೇಳಿಸಿತು: “ಗಾಳಿ ತಿರುಗ್ತಾ ಐತೆ ಕಣಪ್ಪಾ, ನೋಡ್ಕೋ!” ತಲೆ ಎತ್ತಿದೆ. ಆಚೆ ದಡದ ಸಿಲ್ವರ್ ಮರಗಳು ಆಗಲೇ ಬೆಳ್ಳಗಾಗಿದ್ದವು. ಹಗ್ಗ ಸಡಿಲ ಬಿಟ್ಟು ಅಂಚಿಗೆ ಸರಿದೆ.