ನವಿಲುಕೋಸಿನಲ್ಲಿ ಹ್ಯಾಲೋವೀನ್ ದೀಪ

ಅಕ್ಟೋಬರ್ 31ರ ಹ್ಯಾಲೋವೀನ್ ಎಂಬ ಭೂತವೇಷದ ಹಬ್ಬಕ್ಕೆ ಸ್ಕಾಟ್ಲೆಂಡಿನವರು ಹಿಂದೆ ದೀಪಕ್ಕೆಂದು ಕೊರೆಯುತ್ತಿದ್ದದ್ದು ಕುಂಬಳಕಾಯಿಯನ್ನಲ್ಲ, ‘ನೀಪ್’ ಎನ್ನುವ, ಟರ್ನಿಪ್ ಜಾತಿಯ ಕಲ್ಲಿನಂಥ ಗೆಡ್ಡೆಯನ್ನು. ಕುಂಬಳಕಾಯಿ ಅಮೆರಿಕದಿಂದ ಬಂದ ರೂಢಿ. ನಮ್ಮ ಚಿಕ್ಕಬಳ್ಳಾಪುರ, ಕೋಲಾರದ ಕಡೆ ಅದಕ್ಕೆ ಒಗ್ಗುವ ತರಕಾರಿ ನವಿಲುಕೋಸು. ಬೀಟ್‌ರೂಟ್ ಬೇಡ, ಬೆಳಕು ಸರಿಯಾಗಿ ಹಾಯುವುದಿಲ್ಲ, ಕೈ ಕೆಂಪಾಗುವುದೊಂದೇ ಲಾಭ.

ಅರ್ಧ ಕೆಜಿಗೆ ಕಮ್ಮಿಯಿಲ್ಲದ, 10–11 ಸೆಂ.ಮೀ. ಅಗಲದ ಕೋಸು ಆರಿಸಿ. ಸಾಂಬಾರಿಗೆ ಎಳೆಯದು ಬೇಕು, ಇದಕ್ಕೆ ತುಸು ಬಲಿತದ್ದೇ ಸರಿ. ಸಿಪ್ಪೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಬಿಡಿ, ಕೊರೆಯುವಾಗ ಅಲ್ಲೇ ಸೀಳುತ್ತದೆ.

ಬೇರಿನ ಕಡೆಯನ್ನು ನೆಟ್ಟಗೆ ಕೂರುವಷ್ಟು ಮಾತ್ರ ಸವರಿ. ಅಲ್ಲಿ ನಾರು ಜಾಸ್ತಿ, ಒಳ್ಳೆ ತಳವಾಗುತ್ತದೆ. ಎಲೆಯ ಕಡೆ 2 ಸೆಂ.ಮೀ. ದಪ್ಪಕ್ಕೆ ಮುಚ್ಚಳ ಕತ್ತರಿಸಿ. ಇನ್ನು ತಿರುಳು ತೆಗೆಯುವುದು. ಸ್ಕಾಟ್ಲೆಂಡಿನ ಮಕ್ಕಳು ಇದಕ್ಕೆ ಚಮಚ ಹಿಡಿದು ಗಂಟೆಗಟ್ಟಲೆ ಒದ್ದಾಡುತ್ತಿದ್ದರು. ನಮ್ಮಲ್ಲಿ ಕಾಯಿ ತುರಿಯುವ ಮಣೆ ಇದೆಯಲ್ಲ! ಮೊದಲು ಚಾಕುವಿನ ತುದಿಯಿಂದ ತಿರುಳಿಗೆ ಅಡ್ಡ-ಉದ್ದ ಗೀರು ಹಾಕಿ, ಆಮೇಲೆ ತೆಂಗಿನ ಹೋಳಿನಂತೆ ಹಿಡಿದು ತಿರುಗಿಸುತ್ತ ತುರಿಯಿರಿ. ಒತ್ತಬೇಡಿ, ಒತ್ತಿದರೆ ಹಲ್ಲು ಪಕ್ಕಕ್ಕೆ ತೂರಿ ಗೋಡೆ ತೂತಾಗುತ್ತದೆ. ಗೋಡೆ 1 ಸೆಂ.ಮೀ.ಗಿಂತ ತೆಳುವಾಗಲಿ, ತಳ ಮಾತ್ರ 2 ಸೆಂ.ಮೀ. ಇರಲಿ. ಕಿಟಕಿಯ ಬಿಸಿಲಿಗೆ ಎತ್ತಿ ಹಿಡಿದರೆ ದಪ್ಪ ಉಳಿದ ಕಡೆ ಕಪ್ಪಗೆ ಕಾಣುತ್ತದೆ, ಅಲ್ಲಿ ಇನ್ನೆರಡು ಸುತ್ತು ತುರಿದರಾಯಿತು. ತುರಿ ಕೋಸಂಬರಿಗೆ ಸಲ್ಲುತ್ತದೆ.

ಕಣ್ಣು, ಬಾಯಿಯನ್ನು ಬೇಕೆನಿಸಿದ್ದಕ್ಕಿಂತ ದೊಡ್ಡದಾಗಿಯೇ ಕೊರೆಯಿರಿ. ಕೋಸು ಒಣಗಿದಂತೆ ಬಾಯಿ ಮುಚ್ಚಿಕೊಳ್ಳುತ್ತ ಬರುತ್ತದೆ. ಮುಚ್ಚಳದಲ್ಲಿ ಬೆರಳು ತೂರುವಷ್ಟು ಎರಡು ತೂತು ಬೇಕೇ ಬೇಕು, ಇಲ್ಲದಿದ್ದರೆ ಗಾಳಿಯಿಲ್ಲದೆ ಬತ್ತಿ ಆರುತ್ತದೆ. ನೇತುಹಾಕಲು ದಾರ ಬೇಡ, ಸುಡುತ್ತದೆ; ಕಂಬಿ ಕಟ್ಟುವ ಬೈಂಡಿಂಗ್ ತಂತಿ ತನ್ನಿ. ಅದರ ತೂತು ಅಂಚಿನಿಂದ ಒಂದೂವರೆ ಸೆಂ.ಮೀ. ಕೆಳಗಿರಲಿ, ಮೇಲಿದ್ದರೆ ಭಾರಕ್ಕೆ ಹರಿದುಬರುತ್ತದೆ.

ಅರ್ಧ ಗಂಟೆ ಬಟ್ಟೆಯ ಮೇಲೆ ಬೋರಲು ಹಾಕಿ ನೀರು ಇಳಿಸಿ. ಅಲ್ಯೂಮಿನಿಯಂ ಬಟ್ಟಲಿನ ಪುಟ್ಟ ಮೇಣದಬತ್ತಿ ಇಡಿ. ಎಣ್ಣೆ ಹಣತೆ ನಡೆಯುವಾಗ ಚೆಲ್ಲುತ್ತದೆ. ಸಣ್ಣ ಮಕ್ಕಳ ಕೈಗೆ ಎಲ್‌ಇಡಿ ಬತ್ತಿ ಕೊಡಿ. ಮುಚ್ಚಳದ ಅಡಿ ಕಮಟು ವಾಸನೆ ಬಂದರೆ ಗಾಬರಿ ಬೇಡ, ನೀಪ್ ದೀಪವೂ ಹಾಗೇ ನಾರುತ್ತದೆ. ಮಧ್ಯಾಹ್ನ ಕೊರೆದು ಅದೇ ಸಂಜೆ ಹಚ್ಚಿ. ಮೂರು-ನಾಲ್ಕು ದಿನಕ್ಕೆ ಬೂಷ್ಟು ಹಿಡಿಯುತ್ತದೆ.

ದೀಪ ಹಿಡಿದ ಮಕ್ಕಳು ವೇಷ ಹಾಕಿ ಮನೆಮನೆಗೆ ಹೋಗುವುದಕ್ಕೆ ಅಲ್ಲಿ ‘ಗೈಸಿಂಗ್’ ಎನ್ನುತ್ತಾರೆ. ಬಾಗಿಲಲ್ಲಿ ಸುಮ್ಮನೆ ಕೈ ಚಾಚುವಂತಿಲ್ಲ, ಹಗಲುವೇಷದವರ ಹಾಗೆ ಹಾಡೋ ಪದ್ಯವೋ ನಗೆಹನಿಯೋ ಒಪ್ಪಿಸಬೇಕು. ಆಮೇಲೆಯೇ ಸೇಬು, ಬೀಜಗಳು. ನಮ್ಮಲ್ಲಿ ಆಗ ಹೊಸ ಕಡಲೆಕಾಯಿ ಬಂದಿರುತ್ತದೆ, ಉಪ್ಪು ಹಾಕಿ ಬೇಯಿಸಿಟ್ಟುಕೊಳ್ಳಿ.