ಆಡಿಟ್ ಕೆಲಸದ ಇಂಟರ್‌ವ್ಯೂಗೆ ಹೊರಟಿದ್ದೀರಾ? ಕೂಲಿ ಬಟವಾಡೆ ಲೆಕ್ಕ ಒಮ್ಮೆ ನೋಡಿಕೊಂಡು ಬನ್ನಿ

ನಾನು ಮೂಡಿಗೆರೆ ಕಡೆಯವಳು. ಚಿಕ್ಕಮಗಳೂರಿನ ಒಂದು ಆಡಿಟರ್ ಆಫೀಸಿನಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ. ಈಗ ಹೊಸಬರ ಇಂಟರ್‌ವ್ಯೂ ಇದ್ದಾಗ ಸರ್ ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ. ಬಿಕಾಂ ಮುಗಿಸಿ ಬಂದವರು ಎಡವುವುದು ಹೆಚ್ಚಾಗಿ ಒಂದೇ ಜಾಗದಲ್ಲಿ. ನಾನೂ ಅಲ್ಲೇ ಎಡವಿದ್ದೆ.

ನನ್ನ ಮೊದಲ ಇಂಟರ್‌ವ್ಯೂ ಬೇರೊಂದು ಆಫೀಸಿನಲ್ಲಿ. ಜುಲೈ ಮಳೆ, ಚಪ್ಪಲಿ ಪಚಪಚ ಅನ್ನುತ್ತಿತ್ತು. ಆಡಿಟಿಂಗ್‌ನ ವ್ಯಾಖ್ಯೆಯನ್ನೆಲ್ಲ ಉರು ಹೊಡೆದಿದ್ದೆ. ಅದನ್ನು ಕೇಳಲೇ ಇಲ್ಲ. "ಕ್ಯಾಶ್ ಬುಕ್ಕಲ್ಲಿ 48,000 ಇದೆ, ಪೆಟ್ಟಿಗೆಯಲ್ಲಿ 45,500 ಇದೆ. ಏನ್ಮಾಡ್ತೀಯಮ್ಮ?" ಅಂದರು. "2,500 ಖರ್ಚಿಗೆ ಬರೆದು ಸರಿ ಮಾಡ್ತೀನಿ ಸರ್" ಅಂದೆ. ಅವರು ಪೆನ್ನಿಗೆ ಮುಚ್ಚಳ ಹಾಕಿದರು.

ಸರಿ ಮಾಡುವುದು ನಮ್ಮ ಕೆಲಸವಲ್ಲ, ನೋಡುವುದು ನಮ್ಮ ಕೆಲಸ. ಕ್ಯಾಷಿಯರ್ ಎದುರಿಗೇ ದುಡ್ಡು ಎಣಿಸಬೇಕು. 500ರ ನೋಟು ಎಷ್ಟು, 100ರದ್ದು ಎಷ್ಟು ಅಂತ ಬರೆದು ಅವರ ರುಜು ತೆಗೆದುಕೊಳ್ಳಬೇಕು. ಪುಸ್ತಕಕ್ಕೆ ಏರದ ವೋಚರ್, ಕೈಸಾಲದ ಚೀಟಿ ಇದೆಯಾ ಕೇಳಬೇಕು. ಆಮೇಲೂ ಉಳಿದ ವ್ಯತ್ಯಾಸವನ್ನು ಹಾಗೇ ಬರೆದು ಸೀನಿಯರ್‌ಗೆ ಹೇಳಬೇಕು.

ಥಿಯರಿಗೆ ಎರಡು ಸಂಜೆ ಸಾಕು. ವೋಚಿಂಗ್‌ಗೂ ವೆರಿಫಿಕೇಶನ್‌ಗೂ ಏನು ವ್ಯತ್ಯಾಸ, ಆಡಿಟ್ ವರದಿಯ ಅಭಿಪ್ರಾಯದಲ್ಲಿ ಕ್ವಾಲಿಫೈಡ್, ಅಡ್ವರ್ಸ್, ಡಿಸ್‌ಕ್ಲೈಮರ್ ಅಂದರೆ ಏನು, ಎಸ್‌ಎ (ಆಡಿಟ್ ಮಾನದಂಡ) 230, 500, 505 ಯಾವುದರ ಬಗ್ಗೆ, ಇಷ್ಟು ನೋಡಿಕೊಳ್ಳಿ. ಮಿಕ್ಕ ಹೊತ್ತನ್ನು ಊರಿನ ಲೆಕ್ಕಕ್ಕೆ ಕೊಡಿ.

ನಮ್ಮಲ್ಲಿ ತಪ್ಪದೆ ಕೇಳುವ ಪ್ರಶ್ನೆ: ಕಾಫಿ ತೋಟದ ಕೂಲಿ ಖರ್ಚನ್ನು ಹೇಗೆ ಚೆಕ್ ಮಾಡ್ತೀರಿ? "ವೋಚರ್ ನೋಡ್ತೀವಿ" ಅಂದರೆ ಅರ್ಧ ಉತ್ತರ. ತೋಟದ ರೈಟರ್ (ಗುಮಾಸ್ತ) ಬರೆಯುವ ಹಾಜರಿ ಪಟ್ಟಿ, ಅಂದರೆ ಚೆಕ್‌ರೋಲ್ ಕೇಳಿ. ಕೂಲಿ ಕೊಟ್ಟು ರುಜು ಹಾಕಿಸುವ ಬಟವಾಡೆ ಪುಸ್ತಕದ ಪಕ್ಕ ಇಟ್ಟು ಹೆಸರು, ಹಾಜರಿ ತಾಳೆ ನೋಡಿ. ಒಂದೇ ಕೈಬರಹದಲ್ಲಿ ಹತ್ತು ರುಜು ಇದೆಯಾ? ಕುಯ್ಲಿನಲ್ಲಿ ಕೆಜಿ ಲೆಕ್ಕದ ಕೂಲಿಯಾದರೆ ಹಣ್ಣಿನ ತೂಕದ ಪುಸ್ತಕ ಇರುತ್ತದೆ. ಕೂಲಿ ಕೊಟ್ಟಷ್ಟು ಹಣ್ಣು ಬಂದಿದೆಯಾ, ಆ ಹಣ್ಣಿಗೆ ತಕ್ಕ ಚೀಲ ಕಾಫಿಯ ಸಿಪ್ಪೆ ತೆಗೆದು ಹದ ಮಾಡುವ ಕ್ಯೂರಿಂಗ್ ವರ್ಕ್ಸ್‌ಗೆ ಹೋಗಿದೆಯಾ? ಇಷ್ಟು ದೂರ ಯೋಚಿಸುವವರು ಸಿಕ್ಕರೆ ಸರ್ ಮುಖ ಅರಳುತ್ತದೆ.

ಗೋಡೌನ್ ಸ್ಟಾಕ್ ಪ್ರಶ್ನೆಗೆ ಎರಡೂ ದಿಕ್ಕು ಹೇಳಿ. ಪುಸ್ತಕದಲ್ಲಿರುವ ಚೀಲ ನೆಲದ ಮೇಲಿದೆಯಾ, ನೆಲದ ಮೇಲಿರುವ ಚೀಲ ಪುಸ್ತಕದಲ್ಲಿದೆಯಾ. ಮೊದಲನೆಯದರಲ್ಲಿ ಇಲ್ಲದ್ದನ್ನು ಇದೆ ಅಂತ ಬರೆದಿದ್ದು ಸಿಗುತ್ತದೆ, ಎರಡನೆಯದರಲ್ಲಿ ಇದ್ದದ್ದನ್ನು ಬಿಟ್ಟಿದ್ದು. ಚೀಲ ಯಾರದ್ದು ಅಂತಲೂ ಕೇಳಬೇಕು. ಕ್ಯೂರಿಂಗ್‌ನಲ್ಲಿ ಬೇರೆಯವರ ಕಾಫಿಯೇ ಜಾಸ್ತಿ ಇರುತ್ತದೆ, ಅಲ್ವಾ?

"ಕಾಫಿಗೆ ಇನ್‌ಕಂ ಟ್ಯಾಕ್ಸ್ ಇಲ್ಲ" ಅಂದು ಸಿಕ್ಕಿಬೀಳಬೇಡಿ. ಬೆಳೆದವರೇ ಕ್ಯೂರಿಂಗ್ ಮಾಡಿ ಮಾರಿದರೆ ಆ ಆದಾಯದ 25% ವ್ಯಾಪಾರದ್ದು, ಅಷ್ಟಕ್ಕೆ ತೆರಿಗೆ ಇದೆ. ಹುರಿದು ಪುಡಿ ಮಾಡಿ ಮಾರಿದರೆ 40%. 1962ರ ಆದಾಯ ತೆರಿಗೆ ನಿಯಮಗಳಲ್ಲಿ ಇದು 7ಬಿ ಆಗಿತ್ತು. 2025ರ ಹೊಸ ಕಾಯ್ದೆಯಲ್ಲಿ ಸೆಕ್ಷನ್ ನಂಬರುಗಳು ಬದಲಾಗಿವೆ, ಹಳೇ ನೋಟ್ಸ್ ನಂಬಿಕೊಂಡು ಬರಬೇಡಿ.

ಬಯೋಡೇಟಾದಲ್ಲಿ 'ಟ್ಯಾಲಿ ಗೊತ್ತು' ಅಂತ ಬರೆದರೆ ಅಲ್ಲೇ ಸಿಸ್ಟಮ್ ಮುಂದೆ ಕೂರಿಸುತ್ತೇವೆ. ಬ್ಯಾಂಕ್ ತಾಳೆ ಪಟ್ಟಿ ಬರದಿದ್ದರೆ ಮನೆಯಲ್ಲೇ ಕಲಿಯಿರಿ. ಅಪ್ಪನ ಪಾಸ್‌ಬುಕ್ ತೆಗೆದುಕೊಂಡು ಮೂರು ತಿಂಗಳ ಕ್ಯಾಶ್ ಬುಕ್ ನೀವೇ ಬರೆದು ಎರಡನ್ನೂ ತಾಳೆ ನೋಡಿ. ಕೊಟ್ಟರೂ ಪಾಸಾಗದ ಚೆಕ್, ಬ್ಯಾಂಕಿನವರು ಸುಮ್ನೆ ಹಿಡಿದುಕೊಂಡ ಚಾರ್ಜು ಎಲ್ಲ ಅಲ್ಲೇ ಸಿಗುತ್ತವೆ.

ಗೊತ್ತಿಲ್ಲದ್ದಕ್ಕೆ "ಗೊತ್ತಿಲ್ಲ ಸರ್, ಯಾವ ಕಾಗದ ನೋಡಿದರೆ ಗೊತ್ತಾಗುತ್ತೆ?" ಅನ್ನಿ. ಮಾರ್ಕ್ಸ್ ಕಾರ್ಡ್ ಪ್ಲಾಸ್ಟಿಕ್ ಕವರಿನಲ್ಲಿರಲಿ, ಮಲೆನಾಡಿನ ಮಳೆ.

ಕೊನೆಗೆ "ಏನಾದ್ರೂ ಕೇಳೋದಿದ್ಯಾ?" ಅಂದಾಗ ತಲೆ ಅಲ್ಲಾಡಿಸಿ ಎದ್ದು ಬರಬೇಡಿ. ನಾನು ಈ ಆಫೀಸಿನಲ್ಲಿ, "ಟ್ಯಾಕ್ಸ್ ಆಡಿಟ್ ಸೀಸನ್ನಿನಲ್ಲಿ ಮೂಡಿಗೆರೆಗೆ ಕೊನೆ ಬಸ್ಸು ಸಿಗುತ್ತಾ ಸರ್?" ಅಂತ ಕೇಳಿದ್ದೆ. "ಸೆಪ್ಟೆಂಬರ್‌ನಲ್ಲಿ ಬಸ್ಸು ನಂಬಬೇಡಿ, ಇಲ್ಲೇ ಒಂದು ಪಿಜಿ ನೋಡಿಕೊಳ್ಳಿ" ಅಂದರು. ಕೆಲಸ ಸಿಕ್ಕಿತು ಅಂತ ನನಗೆ ಗೊತ್ತಾಗಿದ್ದು ಆಗಲೇ.