ಹಳೆಯ ಸ್ಟೇಷನ್ ವ್ಯಾಗನ್ನನ್ನು ಸ್ಲೀಪರ್ ಆಗಿ ಕಟ್ಟುವ ಕ್ರಮ

ಹೊರನೋಟಕ್ಕೆ ಸಂಸಾರದ ಸಾಮಾನು ಸಾಗಿಸುವ ಸಾಧಾರಣ ಗಾಡಿಯಾಗಿದ್ದು, ಆಕ್ಸಿಲರೇಟರ್ ಅದುಮಿದಾಗ ಮಾತ್ರ ತನ್ನ ನಿಜವಾದ ಬಲವನ್ನು ತೋರುವ ಕಾರನ್ನು ಸ್ಲೀಪರ್ ಎಂದು ಕರೆಯುತ್ತಾರೆ. ಇದಕ್ಕೆ ಹಳೆಯ ಸ್ಟೇಷನ್ ವ್ಯಾಗನ್ನಿನಷ್ಟು ಒಪ್ಪುವ ಗಾಡಿ ಬೇರೊಂದಿಲ್ಲ. ಉದ್ದನೆಯ ಚಾವಣಿ, ನೆಟ್ಟಗಿನ ಹಿಂಬಾಗಿಲು, ಮೇಲೊಂದು ಕ್ಯಾರಿಯರ್ ಇವನ್ನು ಕಂಡವರಿಗೆ ವೇಗದ ನೆನಪೇ ಬರುವುದಿಲ್ಲ. ತಯಾರಕರೂ ಈ ಗುಟ್ಟನ್ನು ಬಲ್ಲವರೇ. 1994ರಿಂದ 1996ರವರೆಗಿನ ಬ್ಯೂಕ್ ರೋಡ್‌ಮಾಸ್ಟರ್ ಎಸ್ಟೇಟ್ (ಎಸ್ಟೇಟ್ ಎಂದರೂ ಸ್ಟೇಷನ್ ವ್ಯಾಗನ್ನೇ), ಮೈಪಕ್ಕಕ್ಕೆ ಮರದಂತೆ ಕಾಣುವ ಹೊದಿಕೆ ಅಂಟಿಸಿಕೊಂಡೇ, ಕಾರ್ವೆಟ್ ಎಂಬ ಸ್ಪೋರ್ಟ್ಸ್ ಕಾರಿನ ಎಂಜಿನ್ನಿನ ಹತ್ತಿರದ ಬಂಧುವಾದ, ಎಂಟು ಸಿಲಿಂಡರಿನ 5.7 ಲೀಟರ್ ವಿ8ನಿಂದ 260 ಅಶ್ವಶಕ್ತಿ ಪಡೆಯುತ್ತಿತ್ತು. ಅದೇ 1994ರಲ್ಲಿ ವೋಲ್ವೊ ತನ್ನ 850 ಎಸ್ಟೇಟನ್ನು ಬ್ರಿಟನ್ನಿನ ಟೂರಿಂಗ್ ಕಾರ್ ಪಂದ್ಯಾವಳಿಯಲ್ಲಿ ಇಳಿಸಿತು. ಸ್ವಂತಕ್ಕೆ ಕಟ್ಟಿಕೊಳ್ಳುವವರು ಎಡವುವುದು ಸಾಮಾನ್ಯವಾಗಿ ಒಂದೇ ಕಡೆ: ಬಲವನ್ನು ಮೊದಲು ಹೆಚ್ಚಿಸಿ, ಅದನ್ನು ಹೊರುವ, ತಣಿಸುವ, ತಡೆಯುವ ಭಾಗಗಳನ್ನು ಆಮೇಲೆ ನೋಡಿದರಾಯಿತು ಎಂದು ಬಿಡುತ್ತಾರೆ. ಇಲ್ಲಿ ಹೇಳುವ ಕ್ರಮದಲ್ಲಿ, ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬಿ ಬಲ ಹೆಚ್ಚಿಸುವ ಟರ್ಬೊ ಬರುವುದು ಬಹುತೇಕ ಕೊನೆಗೆ.

ಉದಾಹರಣೆಗೆ ವೋಲ್ವೊ 240ರ ಎಸ್ಟೇಟನ್ನು ಇಟ್ಟುಕೊಳ್ಳೋಣ. 1974ರಿಂದ 1993ರವರೆಗೆ ತಯಾರಾದ ಈ ಸಾಲಿನ ಕಾರುಗಳಲ್ಲಿ ಎಂಜಿನ್ನು ಮುಂದೆ, ಚಾಲನೆ ಹಿಂದಿನ ಚಕ್ರಗಳಿಗೆ. ನಾಲ್ಕು ಸಿಲಿಂಡರಿನ ಇದರ ಎಂಜಿನ್ನಿಗೂ ನಂತರದ 740 ಮತ್ತು 940 ಟರ್ಬೊ ಮಾದರಿಗಳ ಎಂಜಿನ್ನಿಗೂ ಮೂಲ ವಿನ್ಯಾಸ ಒಂದೇ ಆದ್ದರಿಂದ, ತಯಾರಕರೇ ಟರ್ಬೊಗೆಂದು ಸಿದ್ಧಪಡಿಸಿದ ಎಂಜಿನ್ನನ್ನು ತಂದು ಕೂರಿಸಬಹುದು. ಮಾದರಿ ಯಾವುದೇ ಇರಲಿ, ಕೊಳ್ಳುವಾಗ ಎಂಜಿನ್ನಿನ ಸ್ಥಿತಿಗಿಂತ ಮೈಕಟ್ಟಿನ ಸ್ಥಿತಿಗೆ ಮತ್ತು ಸಣ್ಣಪುಟ್ಟ ಭಾಗಗಳ ಪೂರ್ಣತೆಗೆ ಹೆಚ್ಚು ಬೆಲೆ ಕೊಡಬೇಕು. ಹೇಗಿದ್ದರೂ ಬದಲಾಗಲಿರುವ ಎಂಜಿನ್ನು ಕೆಟ್ಟಿದ್ದರೆ ನಷ್ಟವಿಲ್ಲ. ವ್ಯಾಗನ್ನಿಗೆ ಮಾತ್ರ ಬರುವ ಹಿಂಬದಿಯ ಪಕ್ಕದ ಗಾಜು, ಅದರ ರಬ್ಬರ್ ಬೀಡಿಂಗ್, ಸಾಮಾನು ಜಾಗದ ಪ್ಲಾಸ್ಟಿಕ್ ಹೊದಿಕೆ ಕಾಣೆಯಾಗಿದ್ದರೆ ಹುಡುಕಾಟ ವರ್ಷಗಟ್ಟಲೆ ಹಿಡಿಯಬಹುದು, ಏಕೆಂದರೆ ಸೆಡಾನಿನ ಭಾಗಗಳು ಇಲ್ಲಿ ಹೊಂದುವುದಿಲ್ಲ.

ತುಕ್ಕಿನ ಪರೀಕ್ಷೆಗೆ ಟಾರ್ಚು, ಮೊಂಡು ಸ್ಕ್ರೂಡ್ರೈವರ್, ಸಣ್ಣ ಸುತ್ತಿಗೆ, ಒಂದು ಆಯಸ್ಕಾಂತ ಸಾಕು. ಹಿಂದಿನ ಸಾಮಾನು ಜಾಗದ ನೆಲಹಾಸನ್ನೂ ಹಲಗೆಗಳನ್ನೂ ಪೂರ್ತಿ ಎತ್ತಿ, ಎರಡು ಪಕ್ಕದ ಗುಂಡಿಗಳನ್ನು ಮೊದಲು ನೋಡಬೇಕು. ಹಿಂಬಾಗಿಲ ಬೀಡಿಂಗಿನಿಂದಲೋ ದೀಪಗಳ ಗ್ಯಾಸ್ಕೆಟ್ಟಿನಿಂದಲೋ ಒಸರಿದ ನೀರು ಬಂದು ನಿಲ್ಲುವುದು ಅಲ್ಲಿಯೇ. ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಹೋದರೆ ಗಟ್ಟಿ ತಗಡು ಗಣಗಣ ಎನ್ನುತ್ತದೆ, ತುಕ್ಕು ತಿಂದ ತಗಡು ದಬ್ ಎಂದು ಸತ್ತ ದನಿ ಕೊಡುತ್ತದೆ. ಆ ದನಿ ಬಂದಲ್ಲಿ ಸ್ಕ್ರೂಡ್ರೈವರಿನ ತುದಿಯನ್ನು ಒತ್ತಿ ನೋಡಿದರೆ, ಬಣ್ಣದ ಪದರ ಕಂದು ಹುಡಿಯನ್ನು ಉದುರಿಸುತ್ತ ಒಳಕ್ಕೆ ಕುಸಿಯುವುದುಂಟು. ಆಯಸ್ಕಾಂತ ಹಿಡಿಯದ ಕಡೆ ಪುಟ್ಟಿ ತುಂಬಿ ಬಣ್ಣ ಬಳಿದಿದ್ದಾರೆಂದೇ ತಿಳಿಯಬೇಕು. ಬಾಗಿಲುಗಳ ಕೆಳಗಿನ ಹೊಸ್ತಿಲು, ಜ್ಯಾಕ್ ಹಾಕುವ ಜಾಗ, ಹಿಂಚಕ್ರದ ಕಮಾನು, ಮುಂಗಾಜಿನ ಕೆಳ ಅಂಚು, ಹಿಂಬಾಗಿಲ ಕೀಲುಗಳ ಸುತ್ತ ಮತ್ತು ಕ್ಯಾರಿಯರ್ ಕೂರಿಸಲು ಚಾವಣಿಗೆ ಕೊರೆದ ತೂತುಗಳು ಉಳಿದ ಸಂಶಯದ ಜಾಗಗಳು.

ತುಕ್ಕಿನ ಮೇಲೆ ಏನು ಬಳಿದರೂ ಅದು ತಾತ್ಕಾಲಿಕವೇ. ತಿಂದುಹೋದ ತಗಡನ್ನು ಹೊಳೆಯುವ ಲೋಹ ಸಿಗುವವರೆಗೂ ಕತ್ತರಿಸಿ ತೆಗೆದು, ಅದೇ ದಪ್ಪದ ಹೊಸ ತಗಡನ್ನು ಬೆಸೆಯಬೇಕು. ಬೆಸುಗೆಗೆ ಮುನ್ನ ಬ್ಯಾಟರಿಯ ಸಂಪರ್ಕ ತೆಗೆಯುವುದು, ಇಂಧನದ ಟ್ಯಾಂಕು ಹತ್ತಿರವಿದ್ದರೆ ಅದನ್ನು ಇಳಿಸಿ ದೂರ ಇಡುವುದು, ಸತುವಿನ ಲೇಪವಿರುವ ತಗಡಿನ ಹೊಗೆಯನ್ನು ಉಸಿರಾಡದಂತೆ ನೋಡಿಕೊಳ್ಳುವುದು ಕಡ್ಡಾಯ. ಬೆಸುಗೆಯಾದ ಮೇಲೆ ಪ್ರೈಮರ್, ಕೀಲುಗಳಿಗೆ ಸೀಲರ್, ಪೊಳ್ಳು ಭಾಗಗಳ ಒಳಗೆ ಮೇಣದ ಸಿಂಪಡಣೆ, ಈ ಕ್ರಮದಲ್ಲಿ ಮುಗಿಸಬೇಕು. ಸ್ಲೀಪರ್ ಕಟ್ಟುವವರಿಗೆ ಇಲ್ಲೊಂದು ಅನುಕೂಲವಿದೆ: ಹೊಳಪು ಬೇಕಾಗಿಲ್ಲ. ರಿಪೇರಿಯಾದ ಜಾಗಕ್ಕಷ್ಟೇ ಬಣ್ಣ ಹೊಂದಿಸಿ, ಉಳಿದ ಮೈಯ ಮಾಸಿದ ಮೂಲ ಬಣ್ಣವನ್ನು ತೊಳೆದು ಮೇಣ ಹಚ್ಚಿ ಕಾಪಾಡಿದರೆ ಸಾಕು. ಸಂಪೂರ್ಣ ಹೊಸ ಬಣ್ಣ ಹೊಡೆಸಿದ ವ್ಯಾಗನ್ನನ್ನು ಜನ ತಿರುಗಿ ನೋಡುತ್ತಾರೆ, ನಮ್ಮ ಉದ್ದೇಶಕ್ಕೆ ಅದು ವಿರುದ್ಧ.

ಹಿಂಬಾಗಿಲ ಬೀಡಿಂಗನ್ನು ಮಳೆನೀರಿನ ದೃಷ್ಟಿಯಿಂದ ಮಾತ್ರ ನೋಡಿದರೆ ಸಾಲದು. ಓಡುವ ವ್ಯಾಗನ್ನಿನ ನೆಟ್ಟಗಿನ ಹಿಂಬದಿಯಲ್ಲಿ ಗಾಳಿಯ ಒತ್ತಡ ಕಡಿಮೆಯಾಗಿ, ಸೈಲೆನ್ಸರಿನ ಹೊಗೆ ಅಲ್ಲಿಯೇ ಸುಳಿದಾಡುತ್ತದೆ; ಬೀಡಿಂಗ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಇಂಗಾಲದ ಮಾನಾಕ್ಸೈಡ್ ಸೇರಿದ ಆ ಹೊಗೆ ನೇರವಾಗಿ ಕಾರಿನೊಳಗೆ ಬರುತ್ತದೆ. ಬಾಗಿಲಿಗೂ ಚೌಕಟ್ಟಿಗೂ ನಡುವೆ ಕಾಗದದ ಪಟ್ಟಿಯಿಟ್ಟು ಮುಚ್ಚಿ, ಸುತ್ತಲೂ ಅಲ್ಲಲ್ಲಿ ಎಳೆದು ನೋಡಬೇಕು. ಬಿಗಿತವಿಲ್ಲದೆ ಜಾರಿ ಬಂದ ಕಡೆ ಬೀಡಿಂಗ್ ಬದಲಿಸಬೇಕು ಇಲ್ಲವೇ ಬಾಗಿಲ ಕೀಲನ್ನು ಸರಿಹೊಂದಿಸಬೇಕು. ಹೊಸ ಸೈಲೆನ್ಸರಿನ ಕೊಳವೆಯ ತುದಿ ಬಂಪರಿನ ಅಡಿಯಲ್ಲೇ ನಿಂತುಬಿಡದೆ ಅದರ ಅಂಚಿನವರೆಗೂ ಬರಲೇಬೇಕು.

ಇನ್ನು ಯಂತ್ರದ ವಿಷಯ. ಬಲ ಹೆಚ್ಚಿಸುವ ಮೊದಲು ಇರುವ ಎಂಜಿನ್ನಿನಲ್ಲೇ ಕಾರನ್ನು ನಂಬಿಕೆಗೆ ಅರ್ಹವಾಗುವಂತೆ ಮಾಡಿ, ಕೆಲವು ತಿಂಗಳು ಓಡಿಸುವುದು ಒಳ್ಳೆಯದು. ಹಾಗೆ ಮಾಡಿದರೆ ಮುಂದೆ ದೋಷ ಕಾಣಿಸಿಕೊಂಡಾಗ ಅದು ಹಳೆಯದೋ ಹೊಸ ಕೆಲಸದಿಂದ ಬಂದದ್ದೋ ಎಂಬ ಗೊಂದಲ ಇರುವುದಿಲ್ಲ. ಹೋಸುಗಳು, ಬೆಲ್ಟುಗಳು, ಥರ್ಮೋಸ್ಟಾಟ್, ಇಂಧನದ ರಬ್ಬರ್ ನಳಿಕೆಗಳು ಎಲ್ಲವೂ ಹೊಸದಾಗಬೇಕು. 1980ರ ದಶಕದ ಬಹುಪಾಲು 240 ಕಾರುಗಳಲ್ಲಿ ಎಂಜಿನ್ನಿನ ವೈರಿಂಗ್ ಒಂದು ಪ್ರಸಿದ್ಧ ದೌರ್ಬಲ್ಯ: ಬಿಸಿಗೆ ಒಣಗಿದ ವೈರಿನ ಹೊದಿಕೆಯನ್ನು ಬೆರಳಲ್ಲಿ ಬಗ್ಗಿಸಿದೊಡನೆ ಚೂರುಚೂರಾಗಿ ಉದುರಿ ಬರಿಯ ತಾಮ್ರ ಕಾಣುತ್ತದೆ. ಇಂಥದಕ್ಕೆ ಟೇಪು ಸುತ್ತುವುದು ವ್ಯರ್ಥ, ಪೂರ್ತಿ ವೈರಿಂಗನ್ನೇ ಬದಲಿಸಬೇಕು. ಎಂಜಿನ್ನಿನ ಒಳಗಿನ ಅನಿಲವನ್ನು ಹೊರಬಿಡುವ ಉಸಿರುದಾರಿಯಲ್ಲಿರುವ ಸಣ್ಣ ಜಾಲರಿ ಎಣ್ಣೆಯ ಕೊಳೆಯಿಂದ ಕಟ್ಟಿಕೊಂಡರೆ ಒಳಗಿನ ಒತ್ತಡ ಏರಿ ಎಣ್ಣೆಯ ಸೀಲುಗಳು ಸೋರತೊಡಗುತ್ತವೆ. ಟರ್ಬೊ ಬಂದ ಮೇಲೆ ಈ ಒತ್ತಡ ಮತ್ತಷ್ಟು ಹೆಚ್ಚುವುದರಿಂದ ಅದನ್ನು ಈಗಲೇ ಶುಚಿಗೊಳಿಸಬೇಕು.

ಬ್ರೇಕಿನ ವಿಷಯದಲ್ಲಿ ಒಂದು ಲೆಕ್ಕವನ್ನು ಮನಸ್ಸಿನಲ್ಲಿಡಬೇಕು. ಚಲಿಸುವ ಕಾರಿನ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಆದ್ದರಿಂದ ಗಂಟೆಗೆ 100 ಕಿಲೋಮೀಟರಿಗೆ ಬದಲು 140ರಿಂದ ನಿಲ್ಲಿಸುವಾಗ ಬ್ರೇಕುಗಳು ಹೆಚ್ಚುಕಡಿಮೆ ಎರಡು ಪಟ್ಟು ಶಾಖವನ್ನು ನುಂಗಬೇಕಾಗುತ್ತದೆ. ವರ್ಷಗಟ್ಟಲೆ ತೇವಾಂಶ ಹೀರಿದ ಬ್ರೇಕ್ ದ್ರವ ಅಷ್ಟು ಬಿಸಿಗೆ ಕುದಿದು ಪೆಡಲು ನೆಲಕ್ಕಿಳಿಯುತ್ತದೆ. ಡಾಟ್ 4 ಎಂಬ ದರ್ಜೆಯ ಬ್ರೇಕ್ ದ್ರವದ ಕನಿಷ್ಠ ಕುದಿಬಿಂದು ಹೊಸದಿದ್ದಾಗ 230 ಡಿಗ್ರಿ ಸೆಲ್ಸಿಯಸ್, ತೇವ ಹೀರಿದ ಮೇಲೆ 155. ಹಾಗಾಗಿ ದ್ರವವನ್ನು ಪೂರ್ತಿ ಬದಲಿಸಿ, ಒಳಗೇ ಊದಿಕೊಳ್ಳುವ ಹಳೆಯ ರಬ್ಬರ್ ನಳಿಕೆಗಳನ್ನು ಎಸೆದು, ಮುಂದಿನ ಚಕ್ರಗಳಿಗೆ ದೊಡ್ಡ ಡಿಸ್ಕ್ ಹಾಕಬೇಕು. ಹಿಂದೆ ಅದೇ ಉತ್ಸಾಹ ಬೇಡ. ಖಾಲಿ ವ್ಯಾಗನ್ನಿನ ಹಿಂಭಾಗ ಜೋರಾಗಿ ಬ್ರೇಕ್ ಹಾಕಿದಾಗ ಇನ್ನೂ ಹಗುರಾಗುವುದರಿಂದ, ಹಿಂದಿನ ಬ್ರೇಕು ಹೆಚ್ಚು ಚುರುಕಾದರೆ ಆ ಚಕ್ರಗಳು ಮೊದಲು ಕಚ್ಚಿಕೊಂಡು ಕಾರು ತಿರುಗಿಬಿಡುತ್ತದೆ.

ಟೈರುಗಳ ಪಕ್ಕದಲ್ಲಿ ಡಾಟ್ ಎಂಬ ಗುರುತಿನ ಕೊನೆಗೆ ಬರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರವನ್ನೂ ಉಳಿದೆರಡು ವರ್ಷವನ್ನೂ ಹೇಳುತ್ತವೆ. ನಿಂತೇ ಇದ್ದ ಕಾರಿನ ಟೈರಿನ ಪಟ್ಟೆ ಎಷ್ಟೇ ದಪ್ಪವಿದ್ದರೂ ಈ ಅಂಕಿಯನ್ನೇ ನಂಬಬೇಕು. ಹೊಸ ಟೈರಿನ ಭಾರ ಹೊರುವ ಸೂಚ್ಯಂಕ ಮೂಲ ಟೈರಿಗಿಂತ ಕಡಿಮೆಯಾಗಬಾರದು. ಸಸ್ಪೆನ್ಷನ್ನಿಗೆ ಹೊಸ ಬುಷ್ (ಕೀಲುಗಳಲ್ಲಿ ಕೂರುವ ರಬ್ಬರ್ ಮೆತ್ತೆ), ಒಳ್ಳೆಯ ಶಾಕ್ ಅಬ್ಸಾರ್ಬರ್, ತಿರುವಿನಲ್ಲಿ ಕಾರು ವಾಲುವುದನ್ನು ತಗ್ಗಿಸುವ ಸ್ವಲ್ಪ ದಪ್ಪನೆಯ ಆ್ಯಂಟಿ ರೋಲ್ ಬಾರ್ ಇಷ್ಟರಿಂದಲೇ ಕಾರಿನ ನಡತೆ ಸಾಕಷ್ಟು ಸುಧಾರಿಸುತ್ತದೆ. ಪಾಲಿಯುರೆಥೇನ್ ಬುಷ್‌ಗಳ ಬಗ್ಗೆ ನನಗೆ ಒಲವಿಲ್ಲ. ಕಂಪನವೆಲ್ಲ ಮೈಗೆ ಬಂದು, ವ್ಯಾಗನ್ನಿನ ದೊಡ್ಡ ಪೊಳ್ಳು ಹಿಂಬದಿ ಗುಂಯ್‌ಗುಡುತ್ತದೆ. ಎತ್ತರವನ್ನು ಇಳಿಸಿದರೂ 15 ಮಿಲಿಮೀಟರಿನ ಆಸುಪಾಸಿನಲ್ಲಿ ನಿಲ್ಲಿಸಬೇಕು. ಮರ್ಸಿಡಿಸ್ ಡಬ್ಲ್ಯೂ124 ಸರಣಿಯ ವ್ಯಾಗನ್ನಿನಲ್ಲಿರುವಂಥ ಹೈಡ್ರಾಲಿಕ್ ಮಟ್ಟ ಕಾಯುವ ವ್ಯವಸ್ಥೆಯಿದ್ದರೆ ಅದನ್ನು ಕಿತ್ತುಹಾಕಬಾರದು. ಹಿಂಭಾಗ ಗಡುಸಾಗಿ ಕುಕ್ಕುತ್ತಿದ್ದರೆ ಬಹುಮಟ್ಟಿಗೆ ನೈಟ್ರೋಜನ್ ತುಂಬಿದ ಗೋಲಗಳು ಖಾಲಿಯಾಗಿರುತ್ತವೆ, ಅವನ್ನು ಬದಲಿಸಿದರೆ ಸರಿಯಾಗುತ್ತದೆ.

ಇಷ್ಟಾದ ಮೇಲೆ ಬಲದ ಮಾತು. ವೋಲ್ವೊದ ಟರ್ಬೊ ಎಂಜಿನ್ನನ್ನು ತರುವವರು 1990ರ ಮಾದರಿಯಿಂದ ಈಚಿನದನ್ನೇ ಹುಡುಕುತ್ತಾರೆ, ಏಕೆಂದರೆ ಬಿ230 ಎಂಬ ಹೆಸರಿನ ಈ ಎಂಜಿನ್ನುಗಳಲ್ಲಿ ಅದಕ್ಕೆ ಹಿಂದಿನವುಗಳ ಕನೆಕ್ಟಿಂಗ್ ರಾಡುಗಳು (ಪಿಸ್ಟನ್ನಿನ ಚಲನೆಯನ್ನು ಕ್ರ್ಯಾಂಕಿಗೆ ಸಾಗಿಸುವ ದಂಡಗಳು) ತೆಳುವಾಗಿದ್ದು ಹೆಚ್ಚಿನ ಒತ್ತಡಕ್ಕೆ ಬಾಗುತ್ತವೆ. ಟರ್ಬೊ 0.5 ಬಾರ್ ಒತ್ತಡ, ಅಂದರೆ ವಾತಾವರಣದ ಒತ್ತಡದ ಸುಮಾರು ಅರ್ಧದಷ್ಟು, ಸೇರಿಸಿದರೆ ಗಾಳಿ ಒಂದೂವರೆ ಪಟ್ಟು ಒಳಬರುತ್ತದೆ ಎಂದು ತೋರುತ್ತದೆ. ಆದರೆ ಅದುಮಿಸಿಕೊಂಡ ಗಾಳಿ ಕಾಯುತ್ತದೆ: ಸಾಧಾರಣ ದಕ್ಷತೆಯ ಟರ್ಬೊದಲ್ಲಿ 25 ಡಿಗ್ರಿಯ ಗಾಳಿ ಹೊರಬರುವಾಗ 75 ಡಿಗ್ರಿಯ ಆಸುಪಾಸಿನಲ್ಲಿದ್ದು, ನಿಜವಾಗಿ ಸಿಗುವ ಹೆಚ್ಚಳ ಕಾಲು ಭಾಗಕ್ಕಿಂತ ತುಸು ಹೆಚ್ಚಷ್ಟೇ. ಈ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ಬೆಲೆ ತಿಳಿಯುವುದು ಇಲ್ಲಿ. ಅದು ಗಾಳಿಯನ್ನು ದಟ್ಟಗೊಳಿಸುವುದರ ಜೊತೆಗೆ, ಇಂಧನ ಹೊತ್ತಲ್ಲದ ಹೊತ್ತಿನಲ್ಲಿ ಹೊತ್ತಿಕೊಂಡು ಪಿಸ್ಟನ್ನನ್ನು ಒಡೆಯುವ ನಾಕಿಂಗನ್ನೂ ತಡೆಯುತ್ತದೆ. ಅದನ್ನು ಕಾರಿನ ಮುಂಭಾಗದ ಜಾಲರಿಯ ಹಿಂದೆ ಕೂರಿಸಿ ಮಂಕು ಕಪ್ಪು ಬಣ್ಣ ತೆಳುವಾಗಿ ಸಿಂಪಡಿಸಿದರೆ ಹೊರಗೆ ಕಾಣುವುದಿಲ್ಲ. ಟರ್ಬೊದಿಂದ ಎಣ್ಣೆ ಮರಳುವ ನಳಿಕೆ ದಪ್ಪನಾಗಿದ್ದು, ಎಲ್ಲೂ ಮೇಲೇರದೆ ಇಳಿಜಾರಾಗಿಯೇ ಸಾಗಿ, ಎಣ್ಣೆಯ ಮಟ್ಟಕ್ಕಿಂತ ಮೇಲೆ ಎಂಜಿನ್ನಿಗೆ ಸೇರಬೇಕು.

ಇಂಧನದ ಅಳತೆಯಲ್ಲಿ ಅಂದಾಜಿಗೆ ಎಡೆಯಿಲ್ಲ. ಪೆಟ್ರೋಲು ಪೂರ್ತಿ ಉರಿಯಲು ಗಾಳಿಗೂ ಪೆಟ್ರೋಲಿಗೂ ಇರಬೇಕಾದ ತೂಕದ ಪ್ರಮಾಣ 14.7ಕ್ಕೆ 1, ಟರ್ಬೊ ಪೂರ್ಣ ಒತ್ತಡದಲ್ಲಿರುವಾಗ ಅದನ್ನು 11.5ರಿಂದ 12ರ ಮಧ್ಯೆ ಇಡುವುದು ವಾಡಿಕೆ. ಇಂಜೆಕ್ಟರುಗಳು ತಮ್ಮ ಸಾಮರ್ಥ್ಯದ 80ರಿಂದ 85 ಶೇಕಡಾ ಮೀರಿ ದುಡಿಯುವಂತಿದ್ದರೆ ದೊಡ್ಡವನ್ನು ಹಾಕಬೇಕು. ಸೈಲೆನ್ಸರಿನ ಕೊಳವೆಗೆ ವೈಡ್‌ಬ್ಯಾಂಡ್ ಆಮ್ಲಜನಕ ಸಂವೇದಕವನ್ನು ಕೂರಿಸಿ, ಅದರ ಅಂಕಿಗಳನ್ನು ನೋಡುತ್ತಲೇ ಇಂಧನವನ್ನೂ ಕಿಡಿಯ ಸಮಯವನ್ನೂ ಹೊಂದಿಸಬೇಕು. ಈ ಕೆಲಸ ನಿಂತಲ್ಲೇ ಕಾರಿನ ಬಲವನ್ನು ಅಳೆಯುವ ಡೈನಮೋಮೀಟರಿನ ಮೇಲೆ, ಬಲ್ಲವರ ಕೈಯಲ್ಲಿ ಆಗಲಿ. ಸಾರ್ವಜನಿಕ ರಸ್ತೆ ಅದಕ್ಕೆ ತಕ್ಕ ಜಾಗವಲ್ಲ. ಮೂಲ ಕ್ಲಚ್ಚು ಸಾಮಾನ್ಯವಾಗಿ ಮೊದಲು ಸೋಲುತ್ತದೆ, ಅದರ ಹಿಂದೆಯೇ ಗಿಯರ್‌ಬಾಕ್ಸು. ಇವೆರಡರ ಖರ್ಚನ್ನು ಎಂಜಿನ್ನಿನ ಖರ್ಚಿನೊಂದಿಗೇ ಲೆಕ್ಕ ಹಾಕದಿದ್ದರೆ ಯೋಜನೆ ಅರ್ಧಕ್ಕೇ ನಿಲ್ಲುತ್ತದೆ. ಹಿಂದಿನ ಆಕ್ಸಲ್‌ಗೆ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಹಾಕಿದರೆ ಹಗುರವಾದ ಹಿಂಬದಿಯ ಒಂದೇ ಚಕ್ರ ಸುಮ್ಮನೆ ಗಿರಕಿ ಹೊಡೆಯುವುದು ನಿಲ್ಲುತ್ತದೆ.

ಇನ್ನು ಉಳಿದದ್ದು ಮರೆಮಾಚುವ ಕಲೆ, ಇದರಲ್ಲಿ ಹೆಚ್ಚಿನವರು ಸೋಲುವುದು ಚಕ್ರಗಳಲ್ಲಿ. ದೊಡ್ಡ ಡಿಸ್ಕಿನ ಮೇಲೆ ಹಿಡಿಸುವಷ್ಟು ಅಗಲದ ಉಕ್ಕಿನ ರಿಮ್ಮುಗಳನ್ನೇ ಆರಿಸಿ, ಅದೇ ಕಾಲದ ಹಬ್‌ಕ್ಯಾಪ್ ಹಾಕಿದರೆ ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ. ಬ್ರೇಕುಗಳನ್ನು ತೀರ್ಮಾನಿಸುವ ಮೊದಲೇ ಚಕ್ರ ಕೊಂಡವರು ಮಾತ್ರ ಎರಡೆರಡು ಸಲ ಹಣ ತೆರುತ್ತಾರೆ. ಕೊಳವೆ ಅಗಲವಾಗಿದ್ದರೂ ಎರಡು ಸೈಲೆನ್ಸರ್ ಇರಲಿ, ಹೊರಗೆ ಕಾಣುವ ತುದಿ ಮೂಲದಷ್ಟೇ ಸಣ್ಣದಿರಲಿ. ಟರ್ಬೊದ ಒತ್ತಡವನ್ನು ಹುಸ್ಸೆಂದು ಹೊರಬಿಡುವ ವಾಲ್ವಿಗೆ ಬದಲು ಗಾಳಿಯನ್ನು ಒಳದಾರಿಗೇ ಮರಳಿಸುವ ವಾಲ್ವನ್ನು ಬಳಸಬೇಕು. ಒತ್ತಡ ಮತ್ತು ಎಣ್ಣೆಯ ಮಾಪಕಗಳು ಗ್ಲೋವ್ ಬಾಕ್ಸಿನೊಳಗೋ ಹಳೆಯ ಆಷ್‌ಟ್ರೇಯ ಜಾಗದಲ್ಲೋ ಕೂರುತ್ತವೆ. ಮೂಲದ ಸೀಟುಗಳ ಕುಸಿದ ಸ್ಪಂಜನ್ನು ಬದಲಿಸಿ ಅದೇ ಬಟ್ಟೆಯನ್ನು ಹೊದಿಸಬಹುದು. ರೇಸಿಂಗ್ ಸೀಟು ಕಿಟಕಿಯಿಂದ ಕಂಡೊಡನೆ ಗುಟ್ಟು ರಟ್ಟಾಗುತ್ತದೆ.

ಗುಟ್ಟು ದಾರಿಹೋಕರ ಮಟ್ಟಿಗೆ ಮಾತ್ರ. ಎಂಜಿನ್ ಬದಲಾವಣೆಗೆ ನೋಂದಣಿ ಪ್ರಾಧಿಕಾರದ ಅನುಮತಿ ಬೇಕೇ, ಹೊಗೆಯ ಮಿತಿ ಏನು ಎಂಬುದನ್ನು ಭಾಗಗಳನ್ನು ಕೊಳ್ಳುವ ಮುನ್ನವೇ ವಿಚಾರಿಸಬೇಕು, ವಿಮಾ ಸಂಸ್ಥೆಗೆ ಪ್ರತಿಯೊಂದು ಬದಲಾವಣೆಯನ್ನೂ ಬರಹದಲ್ಲಿ ತಿಳಿಸಬೇಕು. ಮುಚ್ಚಿಟ್ಟ ಟರ್ಬೊ ಅಪಘಾತದ ನಂತರ ಪರಿಹಾರವನ್ನೇ ಕಸಿದುಕೊಳ್ಳಬಹುದು. ಕೆಲಸವೆಲ್ಲ ಮುಗಿದ ಮೇಲೆ ಮೊದಲ 500 ಕಿಲೋಮೀಟರನ್ನು ಪೂರ್ಣ ಒತ್ತಡ ಬಳಸದೆ ಓಡಿಸಿ, ಎಣ್ಣೆ ಮತ್ತು ಫಿಲ್ಟರ್ ಬದಲಿಸಿ, ಎಕ್ಸಾಸ್ಟ್, ಸಸ್ಪೆನ್ಷನ್ ಹಾಗೂ ಚಕ್ರಗಳ ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ ಮತ್ತೊಮ್ಮೆ ಬಿಗಿಯಬೇಕು. ತೆಗೆದ ಹಳೆಯ ಎಣ್ಣೆಯನ್ನು ಬಿಳಿಯ ಬಟ್ಟೆಯ ಮೇಲೆ ಹರಡಿ ನೋಡಿದಾಗ ಲೋಹದ ಹೊಳೆಯುವ ಕಣಗಳು ಕಂಡರೆ, ಒತ್ತಡ ಏರಿಸುವ ಯೋಚನೆಯನ್ನು ಬದಿಗಿಟ್ಟು ಬೇರಿಂಗುಗಳನ್ನು ಬಿಚ್ಚಿಸಿ ನೋಡಬೇಕು.